ಒಳ್ಳೇ ಮುಖ ಮೇಲೆ

ಬರ್ಚ್ ಮರದ ಪ್ಲೈವುಡ್ ಹಾಳೆ ಒಂದಕ್ಕೆ ತೊಂಬತ್ತೆರಡು ಡಾಲರ್, ಅಂಥವು ನಾಲ್ಕು. ನೀಲಿ ಅಂಟುಪಟ್ಟಿ ಒಂದು ಸುರುಳಿ, ಏಳು ಡಾಲರ್. ಕೊಯ್ಯುವಾಗ ಹಾಳೆಯ ಅಡಿಗೆ ಹಾಸುವ ಥರ್ಮೊಕೋಲ್ ಹಲಗೆ ಇಪ್ಪತ್ತೆಂಟು. ಅದನ್ನು ನಾರ್ಬರ್ಟ್ ಕೊಳ್ಳಲಿಲ್ಲ. ಅರವತ್ತು ಹಲ್ಲಿನ ಬ್ಲೇಡು ಮೂವತ್ತೊಂದು. ಅದನ್ನೂ ಕೊಳ್ಳಲಿಲ್ಲ, ಹುಟ್ಟುಹಬ್ಬಕ್ಕೆ ಮಗಳು ಕಳಿಸಿದ್ದ, ಕರೆಂಟಿನಲ್ಲಿ ತಿರುಗುವ ದುಂಡು ಬ್ಲೇಡಿನ ಕೈಗರಗಸದ ಜೊತೆಗೆ ಇಪ್ಪತ್ತನಾಲ್ಕು ಹಲ್ಲಿನದು ಪುಕ್ಕಟೆ ಬಂದಿತ್ತಲ್ಲ. ‘ಅರವತ್ತು ಹಲ್ಲು ನನ್ನ ಬಾಯಲ್ಲೇ ಇಲ್ಲ, ಬ್ಲೇಡಿಗ್ಯಾಕಮ್ಮ’ ಎಂದು ಅಂಗಡಿಯವಳಿಗೆ ಹೇಳಿ, ಸಾಲಿನಲ್ಲಿ ಹಿಂದೆ ನಿಂತಿದ್ದ ಇಬ್ಬರನ್ನು ನಗಿಸಿ, ಆ ನಗುವಿನ ಬಿಸಿಯಲ್ಲೇ ಮನೆಯವರೆಗೆ ಟ್ರಕ್ಕು ಓಡಿಸಿಕೊಂಡು ಬಂದಿದ್ದ. ಎಪ್ಪತ್ತನಾಲ್ಕು ವರ್ಷದವನಿಗೆ ಅಷ್ಟು ನಗು ಮೂರು ದಿನಕ್ಕೆ ಸಾಕು. ಈಗ, ಶನಿವಾರ ಬೆಳಿಗ್ಗೆ ಒಂಬತ್ತೂಕಾಲಿಗೆ, ಗ್ಯಾರೇಜಿನಲ್ಲಿ ಬಡಗಿಯ ಎರಡು ಮರದ ಕುದುರೆಗಳ ಮೇಲೆ ಮಲಗಿಸಿದ ಮೊದಲ ಹಾಳೆಯ ಅಂಚನ್ನು ನೋಡುತ್ತಾ ನಿಂತವನಿಗೆ ಆ ನಗು ಇನ್ನೂ ಕೇಳಿಸುತ್ತಲೇ ಇತ್ತು. ಆದರೆ ಅವರು ಯಾವುದಕ್ಕೆ ನಕ್ಕಿದ್ದರು ಎಂಬುದು ಮಾತ್ರ ಈಗ ಅಷ್ಟು ಖಾತ್ರಿಯಿರಲಿಲ್ಲ.

ಕೊಯ್ದ ಗೆರೆಯ ಉದ್ದಕ್ಕೂ ಸಿಬಿರು ಎದ್ದಿತ್ತು. ನಾಯಿ ಕಂಡ ಬೆಕ್ಕಿನ ಬೆನ್ನಿನ ಹಾಗೆ, ಎಂಟಡಿ ಉದ್ದಕ್ಕೆ. ಕೆನೆಯಂಥ ಮೇಲ್ಪದರ ಅಲ್ಲಲ್ಲಿ ಉಗುರಗಲ ಹಾರಿಹೋಗಿ ಒಳಗಿನ ಕಂದು ಪದರ ಕಾಣುತ್ತಿತ್ತು. ಬೆರಳು ಓಡಿಸಿದ, ಒಂದು ಚೂರು ಚರ್ಮದೊಳಕ್ಕೆ ಹೋಯಿತು. ಬೆರಳನ್ನು ಬಾಯಿಗಿಟ್ಟುಕೊಂಡು, ಮರ ಸರಿಯಿಲ್ಲ ಅಂದುಕೊಂಡ. ಈಗಿನ ಮರ ಯಾವುದು ತಾನೆ ಸರಿಯಿದೆ. ಮೂವತ್ತೊಂದು ವರ್ಷ, ನದಿಯಂಚಿನ ಆ ಬಾಗಿಲು ಕಾರ್ಖಾನೆಯಲ್ಲಿ, ಮೇಜುಗರಗಸದ ಮುಂದೆ ನಿಂತು ಅದೆಷ್ಟು ಸಾವಿರ ಹಾಳೆ ಕೊಯ್ದಿದ್ದಾನೆ. ಕೊನೆಯ ಹದಿಮೂರು ವರ್ಷ ಫೋರ್‌ಮನ್ ಆಗಿ ಬೇರೆಯವರ ಕೈಯಲ್ಲಿ ಕೊಯ್ಯಿಸಿದ್ದಾನೆ. ಹೊಸಬರು ಬಂದ ಮೊದಲ ದಿನ ಗೋಡೆಗೆ ಒರಗಿಸಿ ನಿಲ್ಲಿಸಿ ಪ್ರಾರ್ಥನೆಯ ಹಾಗೆ ಬಾಯಿಪಾಠ ಮಾಡಿಸಿದ್ದಾನೆ: ಒಳ್ಳೇ ಮುಖ ಮೇಲೆ, ಒಳ್ಳೇ ಮುಖ ಮೇಲೆ. ಇವತ್ತೂ ಕೈ ತಾನಾಗಿ ಹಾಗೇ ಇಟ್ಟಿತ್ತು. ಚೆಂದದ ಮುಖ ಮೇಲೆ, ಗಂಟಿರುವ ಮುಖ ಕೆಳಗೆ. ಕೈಗೆ ಗೊತ್ತಿರುವುದನ್ನು ತಲೆ ಯಾಕೆ ಕೇಳಬೇಕು?

"ಇದೇನು, ಕೊಯ್ದೆಯೋ ಕಚ್ಚಿದೆಯೋ?" ಹೆಂಡತಿ ಲವಾನ್ ಕಾಫಿ ಲೋಟ ಹಿಡಿದುಕೊಂಡು ಒಳಬಾಗಿಲಲ್ಲಿ ನಿಂತಿದ್ದಳು.

"ಮರ ಸರಿಯಿಲ್ಲ. ತಗೊಂಡುಹೋಗಿ ಆ ಅಂಗಡಿಯವಳ ಮುಖಕ್ಕೆ ಹಿಡೀತೀನಿ."

"ಹಿಡಿ ಹಿಡಿ. ಹಲ್ಲಿನ ಕಥೆ ಹೇಳಿ ನಗಿಸಿ ಬಂದೆಯಂತಲ್ಲ. ಈ ಸಲ ಟಿಕೆಟ್ ಇಡಬಹುದು." ಅವಳು ಲೋಟವನ್ನು ಹಾಳೆಯ ಮೇಲಿಡಲು ಹೋಗಿ, ಮನಸ್ಸು ಬದಲಿಸಿ ಅವನ ಕೈಗೇ ಕೊಟ್ಟಳು. "ಅಲ್ಲ ನಾರ್ಬ್, ಇದನ್ನ ಮಗುಚಿ ಹಾಕ್ಬೇಕಲ್ವಾ? ಗರಗಸದ ಡಬ್ಬೀಲಿ ಪುಸ್ತಕ ಇತ್ತಲ್ಲ. ಹನ್ನೆರಡನೇ ಪುಟ. ಕೈಗರಗಸದ ಹಲ್ಲು ಮೇಜುಗರಗಸದ ಹಾಗಲ್ಲ, ಕೆಳಗಿಂದ ಮೇಲಕ್ಕೆ ಬರುತ್ತಂತೆ, ಅದಕ್ಕೆ ಸಿಬಿರು ಮೇಲೆ ಏಳುತ್ತಂತೆ. ಚೆನ್ನಾಗಿರೋ ಮುಖ ಕೆಳಗಿರಬೇಕಂತೆ."

"ನೀನ್ಯಾಕೆ ಅದನ್ನ ಓದಿದೆ?"

"ಶೌಚದ ಕೋಣೇಲಿ ಬೇರೆ ಏನೂ ಇರ್ಲಿಲ್ಲ," ಅಂದು ಅವಳು ಒಳಗೆ ಹೋದಳು.

ನಾರ್ಬರ್ಟ್ ಕಾಫಿ ಕುಡಿಯಲಿಲ್ಲ. ಹನ್ನೆರಡನೇ ಪುಟ. ಯಾರೋ ಟೈ ಕಟ್ಟಿಕೊಂಡವನು, ಜನ್ಮದಲ್ಲಿ ಒಂದು ಬಾಗಿಲು ಮಾಡದವನು, ಬರೆದದ್ದು. ಆದರೆ ಅವಳು ಹೇಳಿದ ಮಾತು ಹೊಸದಾಗಿ ಕೇಳಿಸಲಿಲ್ಲ, ಅದೇ ತೊಂದರೆ. ಅದೇ ಮಾತನ್ನು ಅಕ್ಷರಶಃ ಇನ್ನೊಂದು ದನಿಯಲ್ಲಿ ಅವನು ಹಿಂದೊಮ್ಮೆ ಕೇಳಿದ್ದ. ಆ ದನಿಯ ಮನುಷ್ಯ ಈಗ ಎದುರುಮನೆಯಲ್ಲಿ, ಬಹುಶಃ ಎರಡನೇ ಮೊಟ್ಟೆ ತಿನ್ನುತ್ತಾ, ಕಿಟಕಿಯಿಂದ ಇತ್ತಲೇ ನೋಡುತ್ತಿರಬಹುದು. ನಾರ್ಬರ್ಟ್ ಲೋಟ ಕೆಳಗಿಟ್ಟು, ಹಗ್ಗ ಹಿಡಿದೆಳೆದು, ಗ್ಯಾರೇಜಿನ ದೊಡ್ಡ ಬಾಗಿಲನ್ನು ನೆಲದವರೆಗೂ ಇಳಿಸಿಬಿಟ್ಟ.

ಎಳೆದದ್ದೇ ತಪ್ಪಾಯಿತೆಂದು ಗೊತ್ತಾಯಿತು, ಆದರೆ ಮತ್ತೆ ಎತ್ತಿದರೆ ಇನ್ನೂ ದೊಡ್ಡ ತಪ್ಪಾಗುತ್ತಿತ್ತು. ಆ ಬೀದಿಯಲ್ಲಿ ಗ್ಯಾರೇಜಿನ ಬಾಗಿಲು ಎತ್ತಿದೆಯೆಂದರೆ ಯಾರು ಬೇಕಾದರೂ ಬಂದು, ಜೇಬಿನಲ್ಲಿ ಕೈಯಿಟ್ಟು ನಿಂತು, ಮಾಡುವವನ ಕೆಲಸಕ್ಕೆ ಹೆಸರಿಡಬಹುದು ಎಂದು ಅರ್ಥ. ಮುಚ್ಚಿದೆಯೆಂದರೆ ಒಳಗೆ ಕಾರಿದೆ ಎಂದು ಅರ್ಥ. ಮುಚ್ಚಿದ ಗ್ಯಾರೇಜಿನೊಳಗಿಂದ ಗರಗಸದ ಸದ್ದು ಬಂದರೆ ಏನರ್ಥ ಎಂದು ಯಾರಿಗೂ ಗೊತ್ತಿರಲಿಲ್ಲ, ಯಾಕೆಂದರೆ ಯಾರೂ ಹಾಗೆ ಮಾಡಿರಲಿಲ್ಲ. ಒಂದೇ ಬಲ್ಬಿನ ಬೆಳಕಿನಲ್ಲಿ ಮರದ ಧೂಳು ತೇಲುತ್ತಿತ್ತು. ಅಕ್ಟೋಬರಿನ ಹಗಲು ಬಾಗಿಲಿನ ಕೆಳಸಂದಿಯಲ್ಲಿ ಒಂದು ಗೆರೆಯಾಗಿ ಉಳಿದಿತ್ತು.

ಹೋದ ಭಾನುವಾರ ಚರ್ಚಿನ ನೆಲಮಾಳಿಗೆಯಲ್ಲಿ, ಪೂಜೆ ಮುಗಿದ ಮೇಲೆ, ಎಲ್ಲರೂ ಡೋನಟ್ ತಿನ್ನುತ್ತಿದ್ದರು. ಚರ್ಚಿನ ಅಡುಗೆಮನೆಯ ಕಪಾಟುಗಳಿಗೆ ಹೊಸ ಬಾಗಿಲು ಬೇಕಿತ್ತು. ಅಡುಗೆಮನೆಯ ಯಜಮಾನಿಕೆ ಯೂನಿಸಳದು, ಎದುರುಮನೆಯ ಕ್ಲೆಮ್‌ನ ಹೆಂಡತಿ. ಅವಳು ಸೀದಾ ನಾರ್ಬರ್ಟ್‌ನ ಹತ್ತಿರ ಬಂದು ಮಾಡಿಕೊಡಲು ಕೇಳಿದಳು. ಯಾರೋ, ನಿಮ್ಮನೇಲೇ ಒಬ್ಬರಿದ್ದಾರಲ್ಲ, ಅವರೂ ಅದೇ ಕಾರ್ಖಾನೆಯವರೇ ಅಲ್ವಾ ಅಂದರು. "ನಮ್ಮವರ ಕೈಗೆ ಕೊಟ್ರೆ ಬಾಗಿಲೆಲ್ಲ ಇಲಿ ಕಡಿದ ಹಾಗಿರುತ್ತೆ, ಗೊತ್ತಲ್ಲ ಅರವತ್ತು ಬಾಗಿಲಿನ ಕಥೆ," ಅಂದಳು ಯೂನಿಸ್. ಎಲ್ಲರೂ ನಕ್ಕರು. ತುಟಿಯಲ್ಲಿ ಸಕ್ಕರೆ ಪುಡಿ ಮೆತ್ತಿಕೊಂಡು ಕ್ಲೆಮ್ ಕೂಡ ನಕ್ಕ. ನಾರ್ಬರ್ಟ್ ಕೂಡ. ಬೇರೆಯವರಿಗಿಂತ ತುಸು ಹೆಚ್ಚು ಹೊತ್ತೇ ನಕ್ಕನೇನೋ. ಆ ನಗು ಹಲ್ಲಿನ ಸಂದಿಯಲ್ಲಿ ಯಾಕೆ ಒಂದು ವಾರದಿಂದ ಹೀಗೆ ಡೋನಟ್ಟಿನ ತುಣುಕಿನಂತೆ ಸಿಕ್ಕಿಕೊಂಡಿದೆ ಅನ್ನುವುದನ್ನು ಅವನು ಯೋಚಿಸಲು ಹೋಗಿರಲಿಲ್ಲ.

ಅರವತ್ತು ಬಾಗಿಲು ಒಂದು ಶಾಲೆಗೆ ಹೋಗಬೇಕಾಗಿತ್ತು. ಮೂವತ್ತೆಂಟು ವರ್ಷದ ಹಿಂದೆ. ಮೇಜುಗರಗಸದ ಮೋಟಾರು ಸುಟ್ಟುಹೋಗಿ, ಹೊಸದು ಬರಲು ಎರಡು ವಾರ ಬೇಕಿತ್ತು, ಬಾಗಿಲು ಸೋಮವಾರ ಹೊರಡಬೇಕಿತ್ತು. ಕೈಗರಗಸದಲ್ಲೇ ಕೊಯ್ಯಿ ಎಂದು ಕ್ಲೆಮ್‌ಗೆ ಹೇಳಿದವನು ನಾರ್ಬರ್ಟ್. ಕ್ಲೆಮ್ ಆಗ ತೆಳ್ಳಗಿದ್ದ, ಮೀಸೆ ಬಿಟ್ಟಿದ್ದ, ಕಾರ್ಖಾನೆಗೆ ಬಂದು ನಾಲ್ಕು ವರ್ಷವಾಗಿತ್ತು. ಹಾಳೆಯನ್ನು ಮಗುಚಿ ಹಾಕುತ್ತಿದ್ದ. ಏ, ಒಳ್ಳೇ ಮುಖ ಮೇಲೆ, ಅಂದ ನಾರ್ಬರ್ಟ್. ಇದಕ್ಕೆ ಹಲ್ಲು ಕೆಳಗಿಂದ ಮೇಲಕ್ಕೆ ಬರುತ್ತೆ ನಾರ್ಬರ್ಟ್, ಚೆನ್ನಾಗಿರೋ ಮುಖ ಕೆಳಗಿರಬೇಕು, ಅಂದ ಕ್ಲೆಮ್. ಸುತ್ತ ಆರೇಳು ಜನ. ನಾರ್ಬರ್ಟ್ ಫೋರ್‌ಮನ್ ಆಗಿ ಆರು ತಿಂಗಳು. ನೀನು ಬಂದು ನಾಲ್ಕು ವರ್ಷ, ನಾನು ಹದಿನೆಂಟು. ಒಳ್ಳೇ ಮುಖ ಮೇಲೆ ಅಂದ್ರೆ ಮೇಲೆ. ಕ್ಲೆಮ್ ಒಂದು ಗಳಿಗೆ ಅವನ ಮುಖ ನೋಡಿ ಹಾಳೆಯನ್ನು ತಿರುಗಿಸಿ ಹಾಕಿದ. ಸೋಮವಾರ ಧಣಿ ಹಾಲ್ವರ್ಸನ್ ಬಂದು ಅರವತ್ತು ಬಾಗಿಲಿನ ಅಂಚಿನ ಮೇಲೂ ಕೈಯಾಡಿಸಿದ. ಯಾರು ಕೊಯ್ದದ್ದು? ಕ್ಲೆಮ್, ಅಂದ ನಾರ್ಬರ್ಟ್. ಅದು ಸುಳ್ಳಲ್ಲ. ಕೊಯ್ದದ್ದು ಕ್ಲೆಮ್‌ನೇ. ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟಿದ್ದ, ಕೇಳದ್ದಕ್ಕೆ ಕೊಟ್ಟಿರಲಿಲ್ಲ, ಅಷ್ಟೆ. ಕ್ಲೆಮ್‌ನನ್ನು ಗರಗಸದಿಂದ ತೆಗೆದು ಹೊರಗೆ ಲಾರಿಗೆ ಮಾಲು ತುಂಬಲು ಹಾಕಿದರು. ಹನ್ನೊಂದು ಚಳಿಗಾಲ ಅಲ್ಲೇ ಇದ್ದ. ಎಡಗೈಯ ಎರಡು ಬೆರಳ ತುದಿಗೆ ಆಗಿನ ಹಿಮ ಕಚ್ಚಿ ಇವತ್ತಿಗೂ ಸ್ಪರ್ಶವಿಲ್ಲ, ಕಾರ್ಡು ಹಂಚುವಾಗ ಕೆಲವೊಮ್ಮೆ ಎರಡೆರಡು ಬೀಳುತ್ತವೆ. ಆದರೂ ನಾರ್ಬರ್ಟ್ ಇಷ್ಟು ವರ್ಷವೂ ಒಂದನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ: ಮುಖ ಮೇಲಿದ್ದರೇನು, ಕೈ ಸರಿಯಿದ್ದಿದ್ದರೆ ಸಿಬಿರು ಏಳುತ್ತಿರಲಿಲ್ಲ. ಅವನ ಕೈಯೇ ಒರಟು. ನನ್ನ ಕೈಯಾಗಿದ್ದರೆ ಏಳುತ್ತಿರಲಿಲ್ಲ.

ಇವತ್ತು ಕೊಯ್ದದ್ದು ಅವನದೇ ಕೈ.

ಹನ್ನೆರಡನೇ ಪುಟ ಸುಳ್ಳೆಂದು ತೋರಿಸಲೆಂದೇ ಉಳಿದ ತುಂಡೊಂದನ್ನು ಮಗುಚಿ ಹಾಕಿದ. ಗಂಟಿನ ಮುಖ ಮೇಲೆ, ಒಳ್ಳೇ ಮುಖ ಕೆಳಗೆ. ಗರಗಸ ಒತ್ತಿದ. ಅದೇ ಪುಕ್ಕಟೆ ಬ್ಲೇಡು, ಅದೇ ಕೈ. ಸಿಬಿರು ಏಳಲಿ, ಕೆಳಗೂ ಏಳಲಿ ದೇವರೇ ಎಂದು ಮನಸ್ಸು ಕೇಳಿಕೊಳ್ಳುತ್ತಿತ್ತು. ತುಂಡನ್ನು ಎತ್ತಿ ಬಲ್ಬಿಗೆ ಹಿಡಿದ. ಗಂಟಿನ ಮುಖದಲ್ಲಿ ಸಿಬಿರಿತ್ತು. ಒಳ್ಳೇ ಮುಖದ ಅಂಚು ಮಡಿಸಿದ ಕಾಗದದ ಹಾಗಿತ್ತು. ಬೆರಳು ಎಲ್ಲೂ ತಡೆಯದೆ ಜಾರಿತು. ಜೀವನದಲ್ಲಿ ಅಷ್ಟು ಒಳ್ಳೆಯ ಕೊಯ್ತಕ್ಕೆ ಬೈದದ್ದು ಅದೇ ಮೊದಲು.

ಪಕ್ಕದ ಸಣ್ಣ ಬಾಗಿಲು ಬಡಿದ ಸದ್ದಾಯಿತು. "ಒಳಗೆ ಯಾರಾದ್ರೂ ಬದುಕಿದೀರಾ?"

ಕ್ಲೆಮ್. ಉತ್ತರಕ್ಕೆ ಕಾಯದೆ ಒಳಗೆ ಬಂದ. "ಯೂನಿಸ್ ಕಳಿಸಿದ್ಲು ಕಣೋ. ನಾರ್ಬ್ ಬಾಗಿಲು ಮುಚ್ಕೊಂಡು ಗರಗಸ ಓಡಿಸ್ತಿದಾನೆ, ಗಂಡ ಹೆಂಡ್ತಿ ಏನಾದ್ರೂ ಜಗಳ ಆಡಿದ್ರೋ ಏನೋ, ಲವಾನ್‌ಗೆ ಕೈಕಾಲು ಎಷ್ಟಿವೆ ಎಣಿಸ್ಕೊಂಡು ಬಾ ಅಂದ್ಲು."

"ಬಿಸಿಲು ಕಣ್ಣಿಗೆ ಹೊಡೀತಿತ್ತು."

"ಬಿಸಿಲು." ಕ್ಲೆಮ್ ಉತ್ತರ ದಿಕ್ಕಿಗೆ ಮುಖ ಮಾಡಿದ್ದ ಬಾಗಿಲನ್ನು ಒಂದು ಸಲ ನೋಡಿದ. ಆಮೇಲೆ ಹಾಳೆಯನ್ನು ನೋಡಿದ. ಹತ್ತಿರ ಹೋಗಿ, ಬಗ್ಗಿ, ಸಿಬಿರೆದ್ದ ಅಂಚನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ, ಕಾಯಿಲೆಯ ದನ ನೋಡುವವನ ಹಾಗೆ ನೋಡಿದ. ನಾರ್ಬರ್ಟ್ ಕಾದ. ಏನಾದರೂ ಅಂದುಬಿಡಲಿ, ಬೈಯಲಿ, ನಗಲಿ. ಕ್ಲೆಮ್ ಸೊಂಟ ಹಿಡಿದುಕೊಂಡು ನೆಟ್ಟಗಾದ.

"ಬ್ಲೇಡು ಎಷ್ಟು ಹಲ್ಲಿಂದು?"

"ಇಪ್ಪತ್ತನಾಲ್ಕು."

"ಸೌದೆ ಕೊಯ್ಯೋದು. ಇರು." ಹೋದ, ಹೋಗುವಾಗ ದೊಡ್ಡ ಬಾಗಿಲನ್ನು ತಾನೇ ಪೂರ್ತಿ ಮೇಲಕ್ಕೆತ್ತಿ ಹೋದ. ಬೆಳಕು ಒಳಗೆ ಬಿದ್ದು ಸಿಬಿರುಗಳೆಲ್ಲ ಹೊಳೆದವು. ಬರುವಾಗ ಕಂಕುಳಲ್ಲಿ ಥರ್ಮೊಕೋಲ್ ಹಲಗೆಯೊಂದು, ಕೈಯಲ್ಲಿ ಎಣ್ಣೆಕಾಗದದಲ್ಲಿ ಸುತ್ತಿದ ಅರವತ್ತು ಹಲ್ಲಿನ ಬ್ಲೇಡು. ನಾರ್ಬರ್ಟ್‌ಗೆ ಆಶ್ಚರ್ಯವಾಯಿತು. ಗರಗಸ ಮುಟ್ಟಲು ಹೆಂಡತಿ ಬಿಡದ ಮನುಷ್ಯ ಬ್ಲೇಡಿಗೆ ಎಣ್ಣೆ ಹಚ್ಚಿ ಯಾಕೆ ಇಟ್ಟುಕೊಂಡಿದ್ದಾನೆ?

ಕೆಲಸ ಶುರುವಾಯಿತು. ಹಲಗೆಯನ್ನು ಅಡಿಗೆ ಹಾಸಿ, ಎರಡನೇ ಹಾಳೆಯನ್ನು ಅದರ ಮೇಲೆ ಮಗುಚಿ ಮಲಗಿಸಿದರು. ಕೊಯ್ದ ತುಂಡು ಕೊನೆಯಲ್ಲಿ ಜೋತುಬಿದ್ದು ಅಂಚು ಹರಿಯಬಾರದಲ್ಲ. ಗೆರೆಯ ಮೇಲೆ ನೀಲಿ ಪಟ್ಟಿ ಅಂಟಿಸಿ, ಉಗುರಿನಿಂದ ತೀಡಿ, ಚೂರಿಯಿಂದ ಗೆರೆಯುದ್ದಕ್ಕೂ ಮೇಲ್ಪದರವನ್ನು ಕ್ಲೆಮ್ ಎರಡು ಸಲ ಕೊರೆದ. ಬ್ಲೇಡು ಬದಲಿಸಿ, ಅದು ಹಾಳೆಯ ದಪ್ಪಕ್ಕಿಂತ ಕಾಲು ಅಂಗುಲ ಮಾತ್ರ ಕೆಳಗಿಳಿಯುವಷ್ಟು ಏರಿಸಿದ. ಗರಗಸಕ್ಕೆ ದಾರಿಯಾಗಿ ನೇರ ಮರದ ಪಟ್ಟಿಯೊಂದನ್ನು ಬಿಗಿದ. ಆ ಸ್ಪರ್ಶವಿಲ್ಲದ ಬೆರಳುಗಳನ್ನು ಮಡಿಸಿಕೊಂಡು ಉಳಿದವುಗಳಲ್ಲೇ ಎಲ್ಲ ಮಾಡಿದ. ಎಷ್ಟು ನಾಜೂಕಾದ ಕೈ. ಯಾವಾಗಲೂ ಹೀಗೇ ಇತ್ತೇ? ಪ್ರತಿ ಮಂಗಳವಾರ ಕಾರ್ಡಿನ ಮೇಜಿನಲ್ಲಿ ಎರಡಡಿ ದೂರದಲ್ಲಿ ಆ ಕೈ ಇರುತ್ತಿತ್ತು. ಅದು ಕಾರ್ಡು ಬೀಳಿಸಿದ್ದನ್ನು ಮಾತ್ರ ನಾರ್ಬರ್ಟ್ ನೋಡಿದ್ದ, ನೋಡಿ ಸಮಾಧಾನ ಪಟ್ಟುಕೊಂಡಿದ್ದ.

"ತಗೋ, ನೀನೇ ಕೊಯ್ಯಿ," ಅಂದ ಕ್ಲೆಮ್. "ಮೊದಲು ಪೂರ್ತಿ ವೇಗಕ್ಕೆ ಬರ್ಲಿ, ಆಮೇಲೆ ಮರಕ್ಕೆ ತಾಗಿಸು. ನಡುವೆ ನಿಲ್ಲಿಸಬೇಡ. ನಿಲ್ಲಿಸಿದ್ರೆ ಅಲ್ಲೇ ಹಲ್ಲು ಕಚ್ಚುತ್ತೆ."

ನಾರ್ಬರ್ಟ್ ಗರಗಸ ಹಿಡಿದ. ಒತ್ತಲಿಲ್ಲ. "ಕ್ಲೆಮ್," ಅಂದ.

"ಪಟ್ಟಿಗೆ ಒತ್ತಿ ಹಿಡ್ಕೋ."

"ಕ್ಲೆಮ್, ಆ ಶಾಲೆ ಬಾಗಿಲು."

"ಫೋರ್‌ಮನ್ ಸಾಹೇಬ್ರೆ, ಮಾತಾಡ್ತಾ ಕೊಯ್ಯೋರಿಗೆ ಎಂಟೇ ಬೆರಳು ಉಳಿಯೋದು."

"ಒಳ್ಳೇ ಮುಖ ಮೇಲೆ ಅಂತ ನಾನೇ ಹೇಳಿದ್ದು. ನೀನು ಮಗುಚಿ ಹಾಕಿದ್ದೆ, ನಾನು ತಿರುಗಿಸಿ ಹಾಕಿಸ್ದೆ. ಹಾಲ್ವರ್ಸನ್‌ಗೆ ಅದನ್ನ ಹೇಳ್ಲಿಲ್ಲ."

ಒಂದು ಕಾರು ಹೋಯಿತು, ಒಳಗಿನವರು ಕೈ ಬೀಸಿದರು, ಇಬ್ಬರೂ ಕೈ ಬೀಸಿದರು. ಕ್ಲೆಮ್ ಅಂಟುಪಟ್ಟಿಯ ತುದಿಯನ್ನು ಇನ್ನೊಮ್ಮೆ ತೀಡಿದ.

"ಗೊತ್ತು," ಅಂದ. "ನಾನೂ ಅಲ್ಲೇ ನಿಂತಿದ್ನಲ್ಲ."

ಮೂವತ್ತೆಂಟು ವರ್ಷದಿಂದ ತಾನೊಬ್ಬನೇ ಮುಚ್ಚಿಟ್ಟುಕೊಂಡಿದ್ದೇನೆ ಎಂದು ನಾರ್ಬರ್ಟ್ ಅಂದುಕೊಂಡಿದ್ದ ವಸ್ತು ಎದುರಿನವನ ಮನೆಯಲ್ಲೂ ಅಷ್ಟೇ ದಿನದಿಂದ ಇತ್ತು. ಇರಲೇಬೇಕಲ್ಲ. ಇಷ್ಟು ಸಣ್ಣ ವಿಷಯ ತನಗೆ ಹೊಳೆದೇ ಇರಲಿಲ್ಲ. "ಮತ್ತೆ ಇಷ್ಟು ವರ್ಷ ನನ್ನ ಜೊತೆ ಕಾರ್ಡು ಯಾಕೆ ಆಡ್ದೆ?"

"ಇನ್ಯಾರಿದ್ರು ಈ ಬೀದೀಲಿ? ಆಟಕ್ಕೆ ನಾಲ್ಕು ಜನ ಬೇಕು." ಕ್ಲೆಮ್ ತಲೆ ಕೆರೆದುಕೊಂಡ. "ನೀನು ಬೇರೆ ಪ್ರತಿ ವಾರ ನಂಗೆ ಸೋಲ್ತಿದ್ದೆ. ಪಾಪ, ಬಾಯಿ ಬಿಟ್ಟು ಹೇಳೋಕಾಗಲ್ಲ, ಹೀಗೆ ತೀರಿಸ್ತಿದಾನೆ ಅಂದ್ಕೊಂಡಿದ್ದೆ."

"ಇಲ್ಲ," ಅಂದ ನಾರ್ಬರ್ಟ್. "ಗೆಲ್ಲೋಕೇ ಆಡ್ತಿದ್ದೆ."

"ಹೌದಾ?" ಕ್ಲೆಮ್ ನಿಜಕ್ಕೂ ನೊಂದವನ ಹಾಗೆ ಕಂಡ. "ಹಾಗಾದ್ರೆ ನೀನು ಬಹಳ ಕೆಟ್ಟದಾಗಿ ಆಡ್ತೀಯ ಮಾರಾಯ."

ನಾರ್ಬರ್ಟ್‌ಗೆ ನಗು ಬಂತು. ಬಂದ ನಗುವಿನ ಹಿಂದೆ ಯೂನಿಸ್, ಇಲಿ ಕಡಿದ ಬಾಗಿಲು, ತುಟಿಯ ಮೇಲಿನ ಸಕ್ಕರೆ ಪುಡಿ ಎಲ್ಲ ಬಂತು. "ಯೂನಿಸ್‌ಗೆ ಗೊತ್ತಾ?"

"ಇಲ್ಲ."

"ನೀನ್ಯಾಕೆ ಹೇಳ್ಲಿಲ್ಲ?"

ಕ್ಲೆಮ್ ಮರದ ಕುದುರೆಗೆ ಒರಗಿದ. "ಅವಳಪ್ಪ ಗೊತ್ತಲ್ಲ ನಿಂಗೆ. ಕೆಲಸ ಹೋದಾಗೆಲ್ಲ ಮನೇಗೆ ಬಂದು ಮೇಸ್ತ್ರಿ ತಪ್ಪು, ಮೇಸ್ತ್ರಿ ಹಾಗಂದ, ಮೇಸ್ತ್ರಿ ಹೀಗಂದ. ಅದನ್ನ ಕೇಳಿ ಕೇಳಿ ಬೆಳೆದವಳು. ನನ್ನ ಮದುವೆ ಆಗೋವಾಗ ಒಂದೇ ಮಾತು ಕೇಳಿದ್ಲು, ತಪ್ಪು ಮಾಡಿದ್ರೆ ನಂದು ಅಂತ ಒಪ್ಕೊಳ್ತೀಯ ತಾನೆ ಅಂತ. ನಾನು ಹೋಗಿ ಮೇಸ್ತ್ರಿ ಹಾಗಂದ ಅಂದ್ರೆ ನಂಬ್ತಿದ್ಲಾ? ಒರಟು ಕೈಯ ಗಂಡನೇ ವಾಸಿ ಅಂತ ಬಿಟ್ಟೆ." ನೆಲದ ಧೂಳನ್ನು ಬೂಟಿನಿಂದ ಒತ್ತಟ್ಟಿಗೆ ಸರಿಸಿದ. "ಹೋದ ಭಾನುವಾರ ಮಾತ್ರ ಸ್ವಲ್ಪ ಕಷ್ಟ ಆಯ್ತು. ಕಪಾಟು ನಾನೇ ಮಾಡ್ಕೊಡ್ಬೇಕು ಅಂತ ಇತ್ತು. ಈ ಬ್ಲೇಡು ಅದಕ್ಕೇ ತಂದಿಟ್ಟಿದ್ದು."

ನಾರ್ಬರ್ಟ್ ಗರಗಸವನ್ನು ಕೆಳಗಿಟ್ಟ. ಸಿಬಿರೆದ್ದ ತುಂಡೊಂದು, ಮಗುಚಿ ಕೊಯ್ದ ತುಂಡೊಂದು, ಎರಡನ್ನೂ ಎತ್ತಿಕೊಂಡ. ಎಲ್ಲಿಗೆ ಅಂತ ಕ್ಲೆಮ್ ಕೇಳಲಿಲ್ಲ. ಬೇಡವೆಂದೂ ಹೇಳಲಿಲ್ಲ.

ರಸ್ತೆ ದಾಟಲು ಎಷ್ಟು ಹೆಜ್ಜೆಯೋ, ಅಷ್ಟರಲ್ಲಿ ನಾರ್ಬರ್ಟ್ ಮೂರು ಸಲ ಮಾತು ಜೋಡಿಸಿ ಮೂರು ಸಲ ಕೆಡಿಸಿಕೊಂಡ. ಆಗ ನಾನು ಹೊಸ ಫೋರ್‌ಮನ್ ಎಂದು ಶುರುಮಾಡಬಹುದು. ಸೋಮವಾರ ಮಾಲು ಹೊರಡಬೇಕಿತ್ತು ಎಂದು ಶುರುಮಾಡಬಹುದು. ಎಲ್ಲ ನಿಜವೇ, ಒಂದೊಂದೂ ಒಳ್ಳೇ ಮುಖವೇ. ಅಡುಗೆಮನೆಯ ಬಾಗಿಲಿನ ಜಾಲರಿಯ ಹಿಂದೆ ಯೂನಿಸ್ ಬೀಟ್‌ರೂಟನ್ನು ಸೀಸೆಗಳಿಗೆ ತುಂಬುತ್ತಿದ್ದಳು, ಮೊಣಕೈವರೆಗೂ ಕೆಂಪಾಗಿದ್ದಳು. ಅವನನ್ನು ಕಂಡವಳೇ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು.

"ಯಾರದ್ದು ಹೋಯ್ತು? ಅವರದ್ದಾ ನಿಂದಾ? ಬೆರಳು ಸಿಕ್ತಾ? ಐಸಲ್ಲಿ ಹಾಕಿದ್ರಾ?"

"ಬೆರಳೆಲ್ಲ ಇದೆ ಯೂನಿಸ್."

"ಮತ್ತೆ ಯಾಕೆ ಮುಖ ಹಾಗಿದೆ? ಪೀಠಕ್ಕೆ ಕಾಣಿಕೆ ತಂದವನ ಹಾಗೆ ಹಲಗೆ ಬೇರೆ ಹಿಡ್ಕೊಂಡು ನಿಂತಿದೀಯ."

ಅವನು ಎರಡೂ ತುಂಡುಗಳನ್ನು ಮೇಜಿನ ಮೇಲೆ ಸೀಸೆಗಳ ನಡುವೆ ಇಟ್ಟ. "ಇದು ನಾನು ಇವತ್ತು ಕೊಯ್ದದ್ದು, ಮುಖ ಮೇಲೆ ಮಾಡಿ. ಇದೂ ನಾನೇ ಕೊಯ್ದದ್ದು, ಮುಖ ಕೆಳಗೆ ಮಾಡಿ. ಕೈ ಒಂದೇ." "ಆ ಅರವತ್ತು ಬಾಗಿಲನ್ನ ಕ್ಲೆಮ್ ಮುಖ ಕೆಳಗೆ ಮಾಡೇ ಕೊಯ್ಯೋಕೆ ಹೊರಟಿದ್ದ. ಬೇಡ ಅಂತ ನಾನು ತಿರುಗಿಸಿ ಹಾಕಿಸ್ದೆ. ಯಾರು ಕೊಯ್ದದ್ದು ಅಂತ ಧಣಿ ಕೇಳ್ದಾಗ ಕ್ಲೆಮ್ ಅಂದೆ. ತಪ್ಪು ನಂದು. ಅವನ ಕೈಯಲ್ಲಿ ಏನೂ ಐಬಿಲ್ಲ."

ಯೂನಿಸ್ ಕೈ ಒರೆಸಿಕೊಂಡಳು. ಸಿಬಿರೆದ್ದ ತುಂಡನ್ನು ಮುಟ್ಟಿದಳು. ನುಣುಪಾದದ್ದನ್ನು ಮುಟ್ಟಿದಳು. ಕಿಟಕಿಯಾಚೆ, ಎದುರಿನ ತೆರೆದ ಗ್ಯಾರೇಜಿನಲ್ಲಿ, ಅವಳ ಗಂಡ ಯಾರದೋ ಮದುವೆಗೆ ಬೇಗ ಬಂದವನ ಹಾಗೆ ಕೈಕಟ್ಟಿ ನಿಂತಿದ್ದ. ಅವಳು ಅವನನ್ನೇ ನೋಡುತ್ತಿದ್ದಳು. ಎಷ್ಟು ಹೊತ್ತು ನೋಡಿದಳೆಂದರೆ, ಒಲೆಯ ಮೇಲಿನ ಪಾತ್ರೆ ಉಕ್ಕಿತು, ಅವಳು ತಿರುಗಲಿಲ್ಲ. ನಾರ್ಬರ್ಟ್‌ನೇ ಹೋಗಿ ಉರಿ ಸಣ್ಣ ಮಾಡಿದ.

"ಮೂವತ್ತೆಂಟು ವರ್ಷದಲ್ಲಿ ನಾನು ಆ ಮನುಷ್ಯನ ಕೈಗೆ ಬ್ರೆಡ್ಡಿನ ಚಾಕೂನೂ ಕೊಟ್ಟಿಲ್ಲ," ಅಂದಳು.

"ಯೂನಿಸ್, ನಾನು..."

"ಹೋದ ಭಾನುವಾರ ನಾನು ಹಾಗಂದೆ. ನಾನು ಗೊತ್ತಿಲ್ದೆ ಅಂದೆ." ಈಗ ಅವನ ಕಡೆ ತಿರುಗಿದಳು. "ನೀನು ಗೊತ್ತಿದ್ದೂ ನಕ್ಕೆ."

ಅವನು ಹೌದೆಂದು ತಲೆಯಾಡಿಸಿದ.

"ಆ ಪ್ಲೈವುಡ್ಡು ಇನ್ನು ನೀನು ಮುಟ್ಟಬೇಡ," ಅಂದಳು. "ಕಪಾಟು ನಮ್ಮವರು ಮಾಡ್ತಾರೆ. ಬಾಗಿಲು ಎಳ್ಕೊಂಡು ಹೋಗು, ನೊಣ ಬರುತ್ತೆ."

ಅವನು ಬಾಗಿಲು ಎಳೆದುಕೊಂಡು ಬಂದ. ಗ್ಯಾರೇಜಿನಲ್ಲಿ ಕ್ಲೆಮ್ ಗರಗಸ ಎತ್ತಿಕೊಂಡ, ನಾರ್ಬರ್ಟ್ ಹಾಳೆಯ ಇನ್ನೊಂದು ತುದಿಗೆ ಹೋಗಿ ನಿಂತು ಎರಡೂ ಕೈಯಿಂದ ಹಿಡಿದುಕೊಂಡ. ಮಧ್ಯಾಹ್ನದ ಹೊತ್ತಿಗೆ ಉಳಿದ ಮೂರು ಹಾಳೆ ಕೊಯ್ದಾಯಿತು, ಒಂದು ಸಿಬಿರೂ ಏಳಲಿಲ್ಲ. ಮುಂದಿನ ಭಾನುವಾರ ಚರ್ಚಿನ ನೆಲಮಾಳಿಗೆಯಲ್ಲಿ ಯೂನಿಸ್ ನಡೆದದ್ದನ್ನು ಎಲ್ಲರೆದುರು ಹೇಳಿದಳು, ಅವನ ಹೆಸರು ಬಿಡದೆ ಹೇಳಿದಳು. ಇಡೀ ಚಳಿಗಾಲ ಅವಳು ನಾರ್ಬರ್ಟ್‌ನೊಂದಿಗೆ ಮಾತಾಡಲಿಲ್ಲ, ಲವಾನ್‌ನೊಂದಿಗೂ ಎರಡು ವಾರ ಕಡಿಮೆ ಮಾತಾಡಿದಳು. ಕಾರ್ಖಾನೆಯ ಹಳಬರಲ್ಲಿ ಇಬ್ಬರು ಅವನಿಗೆ ಕೈ ಬೀಸುವುದನ್ನು ಬಿಟ್ಟರು. ಅವನಿಗೆ ಇದ್ದ ಒಳ್ಳೆಯ ಕೈಗಾರನೆಂಬ ಹೆಸರು ಹೋಯಿತು. ಅದು ಕ್ಲೆಮ್‌ಗೆ ಬಂತು.